ಹರಿಗೋಲು ಹತ್ತಿದ ನಾಲ್ಕು ಕೆಂಗುರಿ

ಮರಿ ನೆಲಕ್ಕೆ ಬಿದ್ದ ಕೂಡಲೇ ಬೇರೆ ಕುರುಬರು ಅದು ಹೆಣ್ಣೋ ಗಂಡೋ ಎಂದು ನೋಡುತ್ತಾರೆ. ಕಕ್ಕೇರಾದ ದೇವಕಮ್ಮ ಮೊದಲು ಅದರ ಬಾಯಿಗೆ ಬೆರಳು ಹಾಕುತ್ತಾಳೆ. ಕೆಳದವಡೆಯ ಅಂಚು ಮೇಲಿನ ಒಸಡಿಗೆ ಸರಿಯಾಗಿ ಕೂಡುತ್ತದೆಯೇ ಎಂದು ತಡವಿ ತಿಳಿದುಕೊಂಡ ಮೇಲೆಯೇ ತಾಯಿಯ ಮುಂದೆ ಬಿಡುತ್ತಾಳೆ. ಈ ಅಭ್ಯಾಸ ಅವಳಿಗೆ ಅಪ್ಪನಿಂದ ಬಂದದ್ದಲ್ಲ, ಅತ್ತೆಯಿಂದಲೂ ಅಲ್ಲ. ಹೊಳೆ ಬಂದು ಹೋದ ಮೇಲೆ ಬಂದದ್ದು.

ದೇವಕಮ್ಮ ಪ್ರಶ್ನೆ ಕೇಳುವ ಹೆಂಗಸು. ಊರು ಅದನ್ನು ಎಂದೂ ಒಳ್ಳೆಯ ಗುಣವೆಂದು ಎಣಿಸಲಿಲ್ಲ. ಮೂರನೆಯ ತರಗತಿಗೆ ಶಾಲೆ ಬಿಡಿಸಿ ಅವಳನ್ನು ಕುರಿಯ ಹಿಂದೆ ಕಳಿಸಿದರು. ಪ್ರಶ್ನೆಗಳೂ ಅವಳ ಹಿಂದೆ ಹೋದವು. ಹತ್ತು ವರ್ಷದವಳಿದ್ದಾಗ ಶ್ರಾವಣದಲ್ಲಿ ಊರ ಮಠದಲ್ಲಿ ಪುರಾಣ ನಡೆಯುತ್ತಿತ್ತು. ಶಾಸ್ತ್ರಿಗಳು ಪ್ರಳಯದ ಕಥೆ ಹೇಳಿದರು. ಲೋಕವೆಲ್ಲ ಮುಳುಗಿತು, ಒಂದು ದೋಣಿ ಉಳಿಯಿತು, ಅದರಲ್ಲಿ ಬೀಜಗಳೂ ಪ್ರಾಣಿಗಳೂ ಉಳಿದವು, ನೀರು ಇಳಿಯಿತು, ಮತ್ತೆ ಸೃಷ್ಟಿ ಮೊದಲಾಯಿತು. ಹೆಂಗಸರ ಸಾಲಿನಿಂದ ಸಣ್ಣದೊಂದು ದನಿ ಎದ್ದಿತು.

"ಅಜ್ಜಾರ, ನೀರು ಇಳಿದ ದಿನ ಕುರಿ ಏನ್ ತಿಂತ್ರಿ? ಹುಲ್ಲೆಲ್ಲಾ ಕೊಳೆತಿರ್ತದಲ್ರಿ?"

"ದೇವರು ಹುಲ್ಲು ಹುಟ್ಟಿಸಿದ, ಮಗಳೆ."

"ಹುಲ್ಲ ಹುಟ್ಟಿಸಾಂವ ಕುರಿನೂ ಆಮ್ಯಾಲ ಹುಟ್ಟಿಸಬಹುದಿತ್ತಲ್ರಿ. ದೋಣಿ ಯಾಕ ಬೇಕಿತ್ತು?"

ಜನ ನಕ್ಕರು. ತಾಯಿ ತಲೆಯ ಮೇಲೊಂದು ಕುಟ್ಟಿದಳು. ಶಾಸ್ತ್ರಿಗಳು ಮುಂದಿನ ಶ್ಲೋಕಕ್ಕೆ ಹೋದರು.

ಮದುವೆಯಾಗಿ ಮರಿಲಿಂಗಪ್ಪನ ಮನೆಗೆ ಬಂದ ಮೇಲೆ ಪಕ್ಕದ ಮನೆಯ ಅನ್ವರಬಿ ಸಿಕ್ಕಳು. ಅನ್ವರಬಿ ಹಳೆಯ ಸೀರೆಗಳನ್ನು ಒಟ್ಟುಗೂಡಿಸಿ ಕೌದಿ ಹೊಲಿಯುವವಳು, ದೇವಕಮ್ಮನಿಗಿಂತ ಹತ್ತು ವರ್ಷ ಹಿರಿಯಳು. ಅವಳ ಹತ್ತಿರವೂ ಒಂದು ಪ್ರಳಯ ಇತ್ತು. ನೂಹ್ ನಬಿಯ ಹಡಗು, ಪ್ರತಿಯೊಂದರಲ್ಲೂ ಒಂದು ಜೋಡಿ. ಸೂಜಿಗೆ ದಾರ ಪೋಣಿಸಿಕೊಡುತ್ತ ದೇವಕಮ್ಮ ಇಡೀ ಕಥೆ ಕೇಳಿದಳು.

"ಹಂಗಾರ ಆಪಾ, ಹುಲಿ ಕೆಳಗ ಇಳಿದ ಕೂಡ್ಲೆ ಏನ್ ತಿಂತು? ಎದುರಿಗಿ ಇರೋದು ಒಂದ ಜೋಡಿ ಜಿಂಕಿ. ಒಂದ ತಿಂದ್ರ ಜಿಂಕಿ ವಂಶನೇ ಮುಗೀತಲ್ಲ?"

"ಹುಲಿ ಉಪಾಸ, ರೋಜಾ ಇಟ್ಟಿತ್ತು," ಎಂದಳು ಅನ್ವರಬಿ, ಮುಖ ಎತ್ತದೆ.

"ರೋಜಾ ಸಂಜಿಗಿ ಬಿಡ್ತದಲ್ಲಾ ಆಪಾ?"

"ತೌಬಾ! ನಿನ್ನ ಬಾಯಿಗೂ ಎರಡ ಹೊಲಿಗಿ ಹಾಕ್ಬೇಕ ನೋಡು ದೇವಕ್ಕ."

ಇಬ್ಬರೂ ನಕ್ಕರು. ಆದರೆ ಕುರುಬರ ಮಗಳಿಗೆ ಹುಲಿಗಿಂತ ದೊಡ್ಡ ಪ್ರಶ್ನೆ ಇನ್ನೊಂದಿತ್ತು. ಒಂದೇ ಜೋಡಿ ಅಂದರೆ ಅದರ ಮಕ್ಕಳು ಯಾರನ್ನು ಕೂಡಿದವು? ಅದನ್ನು ಅವಳು ಆ ದಿನ ಕೇಳಲಿಲ್ಲ. ಹೆಣ್ಣುಮಕ್ಕಳು ಬಾಯಿಬಿಟ್ಟು ಕೇಳುವ ಮಾತಲ್ಲ ಅದು ಎಂದು ಅವಳಿಗೂ ಗೊತ್ತಿತ್ತು.

ಆ ಹೊತ್ತಿಗೆ ನಾರಾಯಣಪುರದ ಅಣೆಕಟ್ಟಿನಿಂದ ಎಡದಂಡೆ ಕಾಲುವೆ ಬರುತ್ತಿತ್ತು. ದೇವಕಮ್ಮನೂ ಎರಡು ಬೇಸಿಗೆ ಅದಕ್ಕೆ ಮಣ್ಣು ಹೊತ್ತಳು. ಅಲ್ಲಿ ಬುಟ್ಟಿಗೆ ಬುಟ್ಟಿ ಸೇರಿಸಿ ಹೊತ್ತವಳು ವಡಗೇರಾದ ಲಾಲಮ್ಮ. ಒಂದೇ ಗುಡಾರದಲ್ಲಿ ರೊಟ್ಟಿ ಬಡಿದು ತಿಂದ ಸ್ನೇಹ ಆಮೇಲೂ ಉಳಿಯಿತು. ಹನ್ನೆರಡು ವರ್ಷದ ಮೇಲೆ ಲಾಲಮ್ಮ ಕುರಿ ಸಾಕುತ್ತೇನೆ ಅಂದಾಗ ದೇವಕಮ್ಮ ಎರಡು ಗಬ್ಬದ ಕುರಿಗಳನ್ನು ಪಾಲಿಗೆ ಕೊಟ್ಟಳು. ಸಾಕಿದವರಿಗೆ ಒಂದು ಮರಿ, ಕೊಟ್ಟವರಿಗೆ ಒಂದು ಮರಿ, ಅದು ಪಾಲಿನ ಪದ್ಧತಿ. ವಡಗೇರಾ ದೂರ, ತನ್ನ ಪಾಲು ಕೇಳಲು ದೇವಕಮ್ಮ ಹೋಗಲೇ ಇಲ್ಲ.

ಕಾಲುವೆ ಬಂದ ಮೇಲೆ ಕುರಿ ಮೇಯುತ್ತಿದ್ದ ಬೀಳು ನೆಲವೆಲ್ಲ ಭತ್ತದ ಗದ್ದೆಯಾಯಿತು. ಮಳೆಗಾಲದಲ್ಲಿ ಎಲ್ಲಿ ಕಾಲಿಟ್ಟರೂ ಕೆಸರು, ಎಲ್ಲಿ ಬಾಯಿ ಹಾಕಿದರೂ ಜಗಳ. ಹಾಗಾಗಿ ಮರಿಲಿಂಗಪ್ಪನ ಮನೆಯವರು ಬೇಸಿಗೆಯ ಕೊನೆಗೆ ಹೊಳೆ ಬತ್ತಿದಾಗ ಹಿಂಡನ್ನು ನಡುಹೊಳೆಯ ಗಡ್ಡಿಗೆ ದಾಟಿಸಿಬಿಡುತ್ತಿದ್ದರು. ಗಡ್ಡಿ ಎಂದರೆ ಕೃಷ್ಣೆಯ ನಡುವಿನ ದಿನ್ನೆ, ಹುಲ್ಲು, ಜಾಲಿ, ಒಂದು ದೊಡ್ಡ ಹುಣಸೆಮರ. ನೀರು ಎಷ್ಟೇ ಬಂದರೂ ಹುಣಸೆಯ ಬೇರು ಮುಟ್ಟಿದ್ದಿಲ್ಲ ಎಂಬುದು ಮರಿಲಿಂಗಪ್ಪನ ನಂಬಿಕೆ. ಅವನ ಅಪ್ಪನ ನಂಬಿಕೆಯೂ ಅದೇ ಆಗಿತ್ತು.

ಕಾಲುವೆ ಬಂದ ಇಪ್ಪತ್ತನೆಯ ವರ್ಷ ಮೇಲಿನ ಸೀಮೆಯಲ್ಲಿ ವಿಪರೀತ ಮಳೆಯಾಯಿತು. ಅಣೆಕಟ್ಟಿನ ಗೇಟು ತೆಗೆಯುತ್ತಾರೆಂದು ಊರಲ್ಲಿ ಡಂಗುರ ಸಾರಿದರು. ಮರಿಲಿಂಗಪ್ಪ ಕೇಳಿಸಿಕೊಂಡ, ಹುಣಸೆಮರದ ಮಾತನ್ನು ಮತ್ತೊಮ್ಮೆ ಆಡಿದ, ಮಲಗಿದ. ಮರುದಿನ ಬೆಳಿಗ್ಗೆ ಹುಣಸೆಯ ಬೇರಿಗಲ್ಲ, ಕೊಂಬೆಯ ಕವಲಿಗೇ ನೀರು ಬರುತ್ತಿತ್ತು.

ಅಂಬಿಗರ ಅಯ್ಯಪ್ಪ ಒಬ್ಬನೇ ಹರಿಗೋಲು ಹಾಕಲು ಒಪ್ಪಿದ. ಮರಿಲಿಂಗಪ್ಪನಿಗೆ ಈಜು ಬಾರದು, ದೇವಕಮ್ಮ ಹತ್ತಿದಳು. ಗಡ್ಡಿಯಲ್ಲಿ ಉಳಿದಿದ್ದುದು ಮರದಾಚೆಯ ಎತ್ತರದಲ್ಲಿ ಒಂದು ಹಟ್ಟಿಯಷ್ಟು ನೆಲ. ಅದರ ಮೇಲೆ ಅರವತ್ತೊಂದು ಕೆಂಗುರಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು.

"ನಾಕ ಹಿಡಿಸ್ತಾವ," ಎಂದ ಅಯ್ಯಪ್ಪ. "ಐದನೇದ ಹತ್ತಿಸಿದ್ರ ನೀ ಇಳೀಬೇಕು. ಎರಡನೇ ಸಲ ನಾ ಬರಂಗಿಲ್ಲ, ಈಗೇ ಹೇಳ್ತೀನಿ."

ಮೂರು ಹೆಣ್ಣು ಕುರಿಗಳನ್ನು ಆರಿಸಲು ಅವಳಿಗೆ ಹೊತ್ತು ಹಿಡಿಯಲಿಲ್ಲ. ಹಾಲು ಚೆನ್ನಾಗಿ ಕೊಡುವವು, ಮರಿಯನ್ನು ಒದೆಯದವು, ಅವು ಯಾವುವೆಂದು ಕತ್ತಲಲ್ಲೂ ಹೇಳಬಲ್ಲಳು. ನಾಲ್ಕನೆಯದಕ್ಕೆ ಕೈ ತಡೆಯಿತು. ಎರಡು ಹಲ್ಲಿನ ಎಳೆಯ ಟಗರೊಂದು ಕಾಲ ಬಳಿಯೇ ಇತ್ತು, ಬೇರೊಂದು ಹಳೆಯ ಟಗರಿನ ಮಗ. ಅದರಾಚೆ ದೇವರ ಟಗರು ನಿಂತಿತ್ತು. ಹುಟ್ಟಿದಾಗಲೇ ಬೀರಪ್ಪನ ಹೆಸರಿಗೆ ಬಿಟ್ಟದ್ದು, ಕಿವಿಯಲ್ಲಿ ತಾಮ್ರದ ಉಂಗುರ, ಹಿಂಡಿನ ಅರ್ಧ ಮರಿಗಳಿಗೆ ಅದೇ ಅಪ್ಪ. ದಂಡೆಯಿಂದ ಮರಿಲಿಂಗಪ್ಪ ಗಂಟಲು ಹರಿಯುವಂತೆ ಕೂಗುತ್ತಿದ್ದ.

"ದೇವರ ಟಗರ! ಏ ಇವಳ, ದೇವರ ಟಗರ ಮೊದಲ!"

ಅವಳು ದೇವರ ಟಗರಿನ ಕಾಲು ಕಟ್ಟಿ ಹರಿಗೋಲಿಗೆ ಉರುಳಿಸಿದಳು. ಯಾವ ಕುರುಬರ ಮನೆಯವರಾದರೂ ಅದನ್ನೇ ಮಾಡುತ್ತಿದ್ದರು. ಎಳೆಯ ಟಗರು ಹರಿಗೋಲಿನ ಹಿಂದೆ ಇಳಿದು ಕುತ್ತಿಗೆಯವರೆಗಿನ ನೀರಿನಲ್ಲಿ ನಿಂತು ನೋಡಿತು. ಮೂರನೆಯ ದಿನ ಕೆಳಗಿನ ಊರಿನವರು ಕೆಲವು ಹೆಣ ಸಿಕ್ಕವೆಂದು ಹೇಳಿ ಕಳಿಸಿದರು. ಐವತ್ತೇಳರಲ್ಲಿ ಒಂದೂ ಬದುಕಲಿಲ್ಲ.

ನೀರು ಇಳಿದ ಮೇಲೆ ದೇವಕಮ್ಮ ಗಡ್ಡಿಗೆ ಹೋಗತೊಡಗಿದಳು. ಅಯ್ಯಪ್ಪ ಬಲೆ ಹಾಕಲು ಹೋಗುವಾಗ ಎಂಟು ದಿನಕ್ಕೋ ಹತ್ತು ದಿನಕ್ಕೋ ಒಮ್ಮೆ ಅವಳೂ ಹತ್ತುವಳು.

"ಕುರಿ ಇಲ್ಲ, ಮರಿ ಇಲ್ಲ. ಅಲ್ಲಿ ಯಾರನ್ನ ಮಾತಾಡಿಸಾಕ ಬರ್ತಿ ದೇವಕ್ಕ?"

"ಯಾರ್ಯಾರು ಬಂದಾರ ನೋಡಾಕ."

ಅವಳು ನಿಜವಾಗಿಯೂ ಅದನ್ನೇ ನೋಡುತ್ತಿದ್ದಳು. ಶಾಸ್ತ್ರಿಗಳು ಬಿಟ್ಟುಹೋದ ಉತ್ತರ ಈ ರಾಡಿಯಲ್ಲಿ ಎಲ್ಲೋ ಇದೆ ಎಂದು ಅವಳಿಗೆ ಅನಿಸಿತ್ತು. ಮೊದಲ ಸಲ ಕಂಡದ್ದು ಇರುವೆ. ತೇಲಿ ಬಂದ ಕಸದ ಗುಪ್ಪೆಯೊಳಗೆ ಅವು ಮೊಟ್ಟೆಸಹಿತ ಉಳಿದಿದ್ದವು. ಹುಣಸೆಮರದ ತುದಿಯಲ್ಲಿ ಒಂದು ಹಾವೂ ನಾಲ್ಕು ಇಲಿಗಳೂ ಒಂದೇ ಕೊಂಬೆ ಹಿಡಿದು ಕೂತಿದ್ದವು, ಹಾವಿಗೆ ತಿನ್ನುವ ಮನಸ್ಸಿರಲಿಲ್ಲ. ಮುಂದಿನ ಸಲ ಹೋದಾಗ ಹಾವಿತ್ತು, ಇಲಿಗಳು ಎರಡಿದ್ದವು. ಅನ್ವರಬಿಯ ಹುಲಿಯ ರೋಜಾ ನೆನಪಾಗಿ ಅವಳು ಒಬ್ಬಳೇ ನಕ್ಕಳು.

ಹನ್ನೆರಡನೆಯ ದಿನಕ್ಕೆ ಮೆಕ್ಕಲು ಮಣ್ಣು ಸೀಳಿಕೊಂಡು ಕರಿಕೆ ಹುಲ್ಲು ತಲೆ ಎತ್ತಿತು. ಮೇಲಿನ ಹುಲ್ಲು ಕೊಳೆತಿತ್ತು, ಕೆಳಗಿನ ಬೇರು ಸತ್ತಿರಲಿಲ್ಲ. ಜಾಲಿಯ ಬೀಜಗಳಂತೂ ನೀರು ಕುಡಿದು ಎಲ್ಲೆಲ್ಲೂ ಮೊಳೆತವು. ಕುರಿ ಏನು ತಿಂತು ಎಂಬ ಪ್ರಶ್ನೆಗೆ ಅಷ್ಟು ಉತ್ತರ ಸಿಕ್ಕಿತು. ಆದರೆ ಆ ಮೊಳಕೆಯನ್ನು ಮೊದಲ ದಿನವೇ ಕುರಿ ತಿಂದರೆ? ಕೆಲವೇ ದಿನದ ನೀರಿಗೆ ಬದುಕಿದ ಬೇರು ಒಂದು ವರ್ಷದ ನೀರಿಗೆ ಬದುಕೀತೇ? ಒಂದು ಉತ್ತರದ ಹೊಟ್ಟೆಯಲ್ಲಿ ಎರಡು ಪ್ರಶ್ನೆ ಇದ್ದವು.

ಹಕ್ಕಿಗಳು ಹಾರಿ ಬಂದವು, ಅದರಲ್ಲಿ ವಿಶೇಷವಿಲ್ಲ. ಮೊಲ ಮಾತ್ರ ಬರಲೇ ಇಲ್ಲ. ಎರಡನೆಯ ಬೇಸಿಗೆಯಲ್ಲಿ ನೀರೆಲ್ಲ ಕಾಲುವೆಗೆ ಹೋಗಿ ಹೊಳೆ ಬಂಡೆಗಳ ನಡುವಿನ ಸಣ್ಣ ಹರಿವಾಯಿತು. ಆಗ ಒಂದು ದಿನ ಬಂಡೆಯ ಮೇಲೆ ಮೊಲದ ಹಿಕ್ಕೆ ಕಂಡಿತು, ಮುಂದಿನ ಬಂಡೆಯ ಮೇಲೂ ಕಂಡಿತು, ದಂಡೆಯಿಂದ ಗಡ್ಡಿಯವರೆಗೆ ಸಾಲಾಗಿ ಕಂಡಿತು. ಮಳೆಗಾಲಕ್ಕೆ ಗಡ್ಡಿಯ ತುಂಬ ಮೊಲ. ಅದರ ಮುಂದಿನ ಬೇಸಿಗೆಗೆ ಅದೇ ಬಂಡೆಗಳ ಮೇಲೆ ನರಿ ಬಂತು.

ಗಡ್ಡಿ ಚೇತರಿಸಿಕೊಂಡಿತು. ಮನೆಯ ಹಿಂಡು ಚೇತರಿಸಿಕೊಳ್ಳಲಿಲ್ಲ.

ಮೊದಲ ವರ್ಷ ಮೂರು ಮರಿ ಹುಟ್ಟಿದವು, ಒಂದು ಸತ್ತೇ ಹುಟ್ಟಿತು. ಮರುವರ್ಷ ಎರಡು ಮರಿಗಳು ಮೊಲೆ ಹಿಡಿಯಲಾರದೆ ಒದ್ದಾಡಿದವು. ಬೆರಳು ಹಾಕಿ ನೋಡಿದರೆ ಕೆಳದವಡೆ ಒಂದು ಗೆಣ್ಣು ಗಿಡ್ಡ. ಮೂರನೆಯ ವರ್ಷ ಐದರಲ್ಲಿ ಮೂರು ಕೆಟ್ಟವು, ಒಂದಕ್ಕೆ ಕಣ್ಣೇ ಇರಲಿಲ್ಲ. ಅಂತೂ ಉಳಿದ ಹೆಣ್ಣು ಕುರಿಗಳು ಏಳು.

"ಯಾರದೋ ಕಣ್ಣ ಬಿದ್ದದ," ಎಂದ ಮರಿಲಿಂಗಪ್ಪ. "ಇನ್ನೊಂದ ಸಲ ನೋಡೂನು. ಈ ಸಲದ ಮರಿನೂ ಹಿಂಗ ಆದ್ರ, ಉಳಿದವನ್ನ ಎಲ್ಲಾ ಸಂತಿಗಿ ಹೊಡದು ನಾಟಿ ಹಚ್ಚಾಕ ಹೋಗೂದು. ಕುರುಬತನ ಸಾಕು."

ಅವನು ಹೇಳಿದರೆ ಮಾಡುವವನು. ಏಳು ತಲೆಮಾರಿನ ಕೆಂಗುರಿ ಹಟ್ಟಿ ಮುಂದಿನ ಮರಿಗಳ ದವಡೆಯ ಮೇಲೆ ನಿಂತಿತು. ದೇವಕಮ್ಮ ಹಟ್ಟಿಯ ಮುಂದೆ ಕೂತು ನೆಲದ ಮೇಲೆ ಹರಳು ಜೋಡಿಸಿದಳು. ಕುರಿಗೆ ಒಂದೊಂದು ಕರಿ ಹರಳು, ಅದರ ತಾಯಿ ಮೇಲೆ, ಮಗಳು ಕೆಳಗೆ. ಅಪ್ಪನ ಜಾಗಕ್ಕೆ ಕೆಂಪು ಹರಳು ಇಡುತ್ತ ಹೋದಳು. ಒಂದು ಕುರಿಯ ಅಪ್ಪನನ್ನು ಬಿಟ್ಟರೆ ಕೆಂಪು ಹರಳು ಒಂದೇ ಸಾಕಾಯಿತು. ಹರಿಗೋಲು ಹತ್ತಿದ ಮೂರು ಕುರಿಗಳಲ್ಲಿ ಎರಡು ಆ ದೇವರ ಟಗರಿನ ಮಕ್ಕಳು. ಆಮೇಲೆ ಹುಟ್ಟಿದವು ಮಗಳೂ ಹೌದು, ಮೊಮ್ಮಗಳೂ ಹೌದು. ಇಪ್ಪತ್ತೈದು ವರ್ಷದ ಹಿಂದೆ ಅನ್ವರಬಿಯನ್ನು ಕೇಳದೆ ನುಂಗಿದ ಪ್ರಶ್ನೆ ಕಾಲ ಬಳಿ ಹರಳಿನಲ್ಲಿ ಬಿದ್ದಿತ್ತು. ಒಂದು ಜೋಡಿಯ ಮಕ್ಕಳು ಯಾರನ್ನು ಕೂಡಿದವು? ಕೂಡಿದರೆ ಏನಾಯಿತು?

ಏನಾಗುತ್ತದೆಂದು ಅವಳು ಈಗ ಬೆರಳಿನಿಂದ ಬಲ್ಲಳು.

ಬೇರೆ ಟಗರು ತಂದರಾಯಿತು ಎನ್ನಬಹುದು. ಆ ಮನೆಯಲ್ಲಿ ಅದು ಆಗದ ಮಾತು. ದೇವರ ಟಗರು ಇರುವ ಹಿಂಡಿಗೆ ಬೇರೆ ಹಟ್ಟಿಯ ಟಗರು ಕಾಲಿಡಬಾರದು, ಇದು ಬೀರಪ್ಪನ ಕಟ್ಟಳೆ. ಸ್ವಂತ ಹಟ್ಟಿಯಲ್ಲೇ ಐದಾರು ಟಗರುಗಳಿದ್ದಾಗ ಕಟ್ಟಳೆ ಯಾರಿಗೂ ಭಾರವಾಗಿರಲಿಲ್ಲ. ಗುಡಿಯ ಪೂಜಾರಿ ಅಂಬ್ರಪ್ಪ, ಮರಿಲಿಂಗಪ್ಪನ ಅಣ್ಣ. ಕಟ್ಟಳೆಯಲ್ಲಿ ಒಂದು ಎಳೆ ಸಡಿಲವಾಗಲು ಬಿಡುವ ಮನುಷ್ಯ ಅವನಲ್ಲ.

ಮೊಲದ ಹಿಕ್ಕೆಯ ಸಾಲು ಅವಳ ಕಣ್ಣ ಮುಂದೆ ಬಂತು. ಗಡ್ಡಿಗೆ ಜೀವ ಗಡ್ಡಿಯಿಂದ ಬರಲಿಲ್ಲ, ದಂಡೆಯಿಂದ ಬಂತು. ಅಲ್ಲಿ ಮುಳುಗಿದ ಮೊಲಕ್ಕೆ ಇಲ್ಲಿ ಅಕ್ಕತಂಗಿಯರಿದ್ದರು. ತನ್ನ ಕುರಿಗಳಿಗೆ ದಂಡೆ ಯಾವುದು? ಆಗ ಲಾಲಮ್ಮ ನೆನಪಾದಳು. ದೇವರ ಟಗರು ಹುಟ್ಟುವುದಕ್ಕೂ ಮುಂಚೆ ಕೊಟ್ಟ ಎರಡು ಕುರಿಗಳು.

ಮರುದಿನ ಬೆಳಿಗ್ಗೆ ಅಂಬ್ರಪ್ಪ ಗುಡಿಯ ಕಟ್ಟೆ ಸಾರಿಸುತ್ತಿದ್ದ. ಮರಿಲಿಂಗಪ್ಪನೂ ಅಲ್ಲೇ ಕೂತಿದ್ದ.

"ಭಾವಾರ, ಮಗಳನ್ನ ಕೊಡೂಮುಂದ ನಾವು ಕುಲದ ಬೆಡಗ ನೋಡ್ತೀವಿ. ಒಂದೇ ಬೆಡಗಿನಾಗ ಕೊಡಂಗಿಲ್ಲ. ಹೌದಲ್ರಿ?"

"ಅದನ್ನ ಕೇಳಾಕ ಬಂದ್ಯಾ ತಂಗಿ? ಹುಟ್ಟಿದ ಕೂಸಿಗೂ ಗೊತ್ತದ."

"ದೇವರ ಟಗರ ಇದ್ದ ಹಿಂಡಿಗಿ ಬ್ಯಾರೆ ಹಟ್ಟಿ ಟಗರ ಬರಬಾರದು. ಅದೂ ಹೌದಲ್ರಿ?"

"ಬರಬಾರದು. ನಮ್ಮ ಮುತ್ತ್ಯಾನ ಮಾತು ಅದು."

"ಹಿಂಡಿನ ಕುರಿ ಬ್ಯಾರೆ ಹಟ್ಟಿಗಿ ಹೋಗಬಾರದು ಅಂತನೂ ಮುತ್ತ್ಯಾ ಹೇಳ್ಯಾರೇನ್ರಿ?"

ಅಂಬ್ರಪ್ಪ ಸಾರಿಸುವ ಕೈ ನಿಲ್ಲಿಸಿದ. ಸುಳ್ಳು ಹೇಳುವ ಮನುಷ್ಯನೂ ಅವನಲ್ಲ. "ಹಂಗೇನ ಹೇಳಿಲ್ಲ," ಎಂದ.

"ಹೆಣ್ಮಕ್ಕಳು ಬಾಣಂತನಕ್ಕ ತವರಿಗಿ ಹೋಗ್ತಾರ. ಇವು ಬಸರಾಗಾಕ ಹೋಗ್ತಾವ, ಅಷ್ಟೇ ಫರಕು. ವಡಗೇರಾಕ ಹೊಡಕೊಂಡ ಹೋಗಿ ಬರ್ತೀನ್ರಿ."

ಮರಿಲಿಂಗಪ್ಪ ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕ. ಅಂಬ್ರಪ್ಪನಿಗೆ ನಗು ಬರಲಿಲ್ಲ. "ಮತ್ತ ದೇವರ ಟಗರ?"

"ಅದು ದೇವರದು, ನೀವು ಪೂಜಾರಿ. ನಾ ಬರೂತನ ನಿಮ್ಮ ಹತ್ರನೇ ಇರಲ್ರಿ."

ಏಳು ಕುರಿ, ಒಂದು ಗಂಟು ರೊಟ್ಟಿ, ಒಂದು ಕಂಬಳಿ. ದೇವಕಮ್ಮನೂ ಮರಿಲಿಂಗಪ್ಪನೂ ಕಾಲುವೆಯ ಏರಿ ಹಿಡಿದು ನಡೆದರು. ಸುರಪುರ ದಾಟಿ, ಶಹಾಪುರದ ಗುಡ್ಡದ ಸಾಲು ಮಲಗಿದ ಬುದ್ಧನಂತೆ ಕಾಣುವಷ್ಟು ಹೊತ್ತಿಗೆ ನಾಲ್ಕು ದಿನ, ಅಲ್ಲಿಂದ ವಡಗೇರಾಕ್ಕೆ ಇನ್ನೆರಡು. ತಾನೇ ಮಣ್ಣು ಹೊತ್ತ ಏರಿಯ ಮೇಲೆ ನಡೆಯುತ್ತ ಅವಳು ಯೋಚಿಸಿದ್ದು ಒಂದೇ. ಲಾಲಮ್ಮ ಆ ಕುರಿಗಳನ್ನು ಉಳಿಸಿಕೊಂಡಿರಬೇಕಲ್ಲ?

ಲಾಲಮ್ಮನ ತಲೆ ಪೂರ್ತಿ ಬೆಳ್ಳಗಾಗಿತ್ತು, ನಾಲಗೆ ಹಾಗೆಯೇ ಇತ್ತು.

"ಹನ್ನೊಂದ ವರ್ಷಕ್ಕ ನೆನಪಾತೇನ ಪಾಲು? ಬುಟ್ಟಿ ಹೊರೂವಾಗಲೂ ನೀ ಹಿಂಗೇ, ಹಿಂದೇ ಉಳೀತಿದ್ದಿ."

"ಪಾಲ ಬ್ಯಾಡ ಲಾಲಕ್ಕ. ಟಗರ ತೋರಿಸು."

ಹಿತ್ತಲಿನಲ್ಲಿ ಹದಿನೆಂಟು ಕುರಿಗಳಿದ್ದವು. ಹಣೆಯ ಕೆಂಪು, ಕಿವಿಯ ಜೋಲು, ಎಲ್ಲ ಕಕ್ಕೇರಾದ ಹಟ್ಟಿಯದೇ. ಬಣ್ಣದಲ್ಲಿ ಮಾತ್ರ ಅಲ್ಲಲ್ಲಿ ಕಪ್ಪು ಸೇರಿತ್ತು. ಊರಿನ ಯಾವುದೋ ಟಗರು ನಡುವೆ ಕೂಡಿದೆ ಎಂದು ಲಾಲಮ್ಮ ತಪ್ಪೊಪ್ಪಿಕೊಳ್ಳುವವಳಂತೆ ಹೇಳಿದಳು. ದೇವಕಮ್ಮ ಅಷ್ಟು ಒಳ್ಳೆಯ ಸುದ್ದಿಯನ್ನು ಆ ವರ್ಷ ಕೇಳಿರಲಿಲ್ಲ. ನಾಲ್ಕು ಹಲ್ಲಿನ ಟಗರೊಂದರ ಬಾಯಿ ಬಿಡಿಸಿ ಬೆರಳು ಹಾಕಿದಳು. ದವಡೆ ಸರಿಯಾಗಿ ಕೂಡಿತ್ತು. ನಲವತ್ತು ದಿನ ಏಳೂ ಕುರಿಗಳು ಆ ಟಗರಿನೊಂದಿಗೆ ಮೇಯ್ದವು.

ಹಿಂತಿರುಗಿ ಬಂದಾಗ ಅಂಬ್ರಪ್ಪ ಕುಂಟುತ್ತಿದ್ದ. ಹಿಂಡಿಲ್ಲದೆ ಒಂಟಿಯಾದ ದೇವರ ಟಗರು ಹಗಲೆಲ್ಲ ಒದರಿ, ಎರಡು ಸಲ ಪೂಜಾರಿಯನ್ನೇ ಗುಮ್ಮಿತ್ತು. ದೇವಕಮ್ಮ ಕಂಬಳಿಯ ಒಂದು ತುಂಡು ಕತ್ತರಿಸಿ, ನಾಲ್ಕು ಮೂಲೆಗೂ ದಾರ ಹೊಲಿದು, ಟಗರಿನ ಹೊಟ್ಟೆಯ ಕೆಳಗೆ ಮುಂದಕ್ಕೆ ಜೋಲುವಂತೆ ಕಟ್ಟಿದಳು. ಅದು ಕಟ್ಟಿದ ಟಗರು ಕುರಿಯ ಮೇಲೆ ಹಾರಬಹುದು, ಕೆಲಸವಾಗುವುದಿಲ್ಲ.

"ಇದೇನ ತಂಗಿ?"

"ದೇವರಿಗಿ ಬಟ್ಟಿ ಉಡಿಸೀನ್ರಿ ಭಾವಾರ."

ಅಂಬ್ರಪ್ಪ ಬಗ್ಗಿ ಆ ಕಂಬಳಿಯ ತುಂಡನ್ನು ನೋಡಿದ. ದೇವರ ಟಗರಿಗೆ ಬಟ್ಟೆ ಉಡಿಸಬಾರದು ಎಂದು ಮುತ್ತಾತ ಹೇಳಿರಲಿಲ್ಲ. ಕೊನೆಗೆ ತೊಡೆ ತಿಕ್ಕಿಕೊಳ್ಳುತ್ತ ಹೋಗಿ ಭಂಡಾರದ ಅರಿಶಿನ ತಂದು, ಆ ಬಟ್ಟೆಗೆ ತಾನೇ ಹಚ್ಚಿದ.

ಐದು ತಿಂಗಳಿಗೆ ಕುರಿಗಳು ಈಯತೊಡಗಿದವು. ಅನ್ವರಬಿ ಕೌದಿಯ ಗಂಟು ತಂದು ಹಟ್ಟಿಯ ನೆರಳಿನಲ್ಲೇ ಹೊಲಿಯಲು ಕೂತಳು, ನೋಡುವ ಆಸೆ ಅವಳಿಗೂ ಇತ್ತು. ಮೊದಲ ಮರಿ ಬಿತ್ತು. ದೇವಕಮ್ಮ ಬೆರಳು ಹಾಕಿದಳು. ಮರಿಲಿಂಗಪ್ಪ ಅವಳ ಮುಖವನ್ನೇ ನೋಡುತ್ತಿದ್ದ.

"ಕೂಡ್ಯದ," ಎಂದಳು.

ಹತ್ತು ದಿನದಲ್ಲಿ ಎಂಟು ಮರಿಗಳಾದವು. ಏಳರ ದವಡೆ ಕೂಡಿತ್ತು. ಎಂಟನೆಯದರದು ಸ್ವಲ್ಪ ಗಿಡ್ಡವಿತ್ತು. ಆದರೂ ಮೊಲೆ ಹಿಡಿಯಿತು. ಲಾಲಮ್ಮನ ಹಿಂಡಿಗೂ ಬೇರು ಇದೇ ಹಟ್ಟಿಯದು, ಅಷ್ಟಾದರೂ ಬರಬೇಕಾದದ್ದೇ ಎಂದು ದೇವಕಮ್ಮ ತನಗೆ ತಾನೇ ಹೇಳಿಕೊಂಡಳು. ಮರಿಲಿಂಗಪ್ಪ ಸಂತೆಯ ಮಾತು ಎತ್ತಲಿಲ್ಲ. ಹಟ್ಟಿಯ ಮುಳ್ಳುಬೇಲಿ ಸಣ್ಣದಾಯಿತು, ಇನ್ನೆರಡು ಮೊಳ ಹಿಗ್ಗಿಸಬೇಕು ಎಂದು ಜಾಲಿಯ ಟೊಂಗೆ ಕಡಿಯಲು ಹೋದ.

ಅವನು ಮರೆಯಾದ ಮೇಲೆ ದೇವಕಮ್ಮ ಅನ್ವರಬಿಯ ಪಕ್ಕ ಬಂದು ಕೂತಳು.

"ಆಪಾ, ಒಂದ ಜೋಡಿ ಸಾಲಂಗಿಲ್ಲ. ನಾ ಕಣ್ಣಾರೆ ನೋಡೀನಿ."

"ನೂಹ್ ನಬಿ ಹತ್ರ ಖುದಾನ ಹುಕುಂ ಇತ್ತು. ನಿನ್ನ ಹತ್ರ ಏನಿತ್ತು?"

"ನನ್ನ ಹತ್ರ ವಡಗೇರಾ ಇತ್ತು."

ಅನ್ವರಬಿ ಹಲ್ಲಿನಿಂದ ದಾರ ಕಡಿದು, ಸೂಜಿಯ ಕಣ್ಣನ್ನು ಬೆಳಕಿಗೆ ಎತ್ತಿ ಹಿಡಿದಳು.

"ಅದಕ್ಕ ಕೇಳಾಕತ್ತೀನಿ," ಎಂದಳು ದೇವಕಮ್ಮ. "ಲೋಕೆಲ್ಲಾ ಮುಳುಗಿದ ದಿನ ವಡಗೇರಾ ಎಲ್ಲಿತ್ತು?"

"ನನಗೂ ಗೊತ್ತಿಲ್ಲ. ತಗೋ, ಕಣ್ಣ ಕಾಣವಲ್ದು, ಈ ಸೂಜಿಗಿ ದಾರ ಹಾಕಿ ಕೊಡು."